ಮನೆ ಈ ದಡ, ದುಡಿಮೆ ಆ ದಡ: ಅವಲಂಬಿತ ವೀಸಾದ ಬದುಕು

ಕೆನಡಾ ದೇಶವು ಅಮೆರಿಕದ ಉತ್ತರಕ್ಕಿದೆ ಎಂಬುದು ಶಾಲಾ ಬಾಲಕರೂ ಬಲ್ಲ ಸಂಗತಿ. ಆದರೆ ಮಿಶಿಗನ್ ರಾಜ್ಯದ ಡೆಟ್ರಾಯಿಟ್ ನಗರದ ನದಿದಂಡೆಯಲ್ಲಿ ನಿಂತವರು ಕೆನಡಾವನ್ನು ನೋಡಬೇಕಾದರೆ ದಕ್ಷಿಣಕ್ಕೆ ಮುಖ ಮಾಡಬೇಕಾಗುತ್ತದೆ. ಎದುರು ದಡದಲ್ಲಿರುವುದು ಒಂಟಾರಿಯೊ ಪ್ರಾಂತದ ವಿಂಡ್ಸರ್ ಪಟ್ಟಣ. 1929ರಲ್ಲಿ ಸಂಚಾರಕ್ಕೆ ತೆರೆದ ಅಂಬಾಸಡರ್ ಸೇತುವೆ ಮತ್ತು 1930ರಲ್ಲಿ ತೆರೆದ, ಸುಮಾರು ಒಂದು ಮೈಲಿ ಉದ್ದದ ಸುರಂಗ ಮಾರ್ಗ ಈ ಎರಡು ಊರುಗಳನ್ನು ಬೆಸೆದಿವೆ. ವಿಂಡ್ಸರಿನಲ್ಲಿ ಮನೆಯಿರುವ ಸಾವಿರಕ್ಕೂ ಹೆಚ್ಚು ದಾದಿಯರು ಮತ್ತು ಆರೋಗ್ಯ ಸಿಬ್ಬಂದಿ ಡೆಟ್ರಾಯಿಟಿನ ಆಸ್ಪತ್ರೆಗಳಲ್ಲಿ ದುಡಿಯುತ್ತಾರೆ ಎಂಬುದು ಆ ಭಾಗದಲ್ಲಿ ಎಲ್ಲರಿಗೂ ಗೊತ್ತು. ಇದಕ್ಕೆ ವಿರುದ್ಧ ದಿಕ್ಕಿನ ಒಂದು ಪಯಣ ಮಾತ್ರ ಅಷ್ಟಾಗಿ ಕಣ್ಣಿಗೆ ಬಿದ್ದಿಲ್ಲ. ಪತಿಯ ಅಥವಾ ಪತ್ನಿಯ ವೀಸಾದ ಆಸರೆಯಲ್ಲಿ ಮಿಶಿಗನ್ನಿನಲ್ಲಿ ವಾಸಿಸುತ್ತ, ನಿತ್ಯವೂ ನದಿ ದಾಟಿ ಕೆನಡಾದಲ್ಲಿ ದುಡಿದು ಸಂಜೆಗೆ ಮರಳುವವರ ಪಯಣವದು.

ಮೋಟಾರು ಉದ್ಯಮದ ಈ ಪ್ರದೇಶದಲ್ಲಿ ಭಾರತೀಯ ಎಂಜಿನಿಯರುಗಳ ಸಂಖ್ಯೆ ಸಣ್ಣದಲ್ಲ. ಕನ್ನಡಿಗರು ಅಲ್ಲಿ ‘ಪಂಪ ಕನ್ನಡ ಕೂಟ’ವನ್ನೇ ಕಟ್ಟಿಕೊಂಡಿದ್ದಾರೆ. ಆದ್ದರಿಂದ ಈ ವಿಷಯವು ಮುಂಬಯಿ, ಪುಣೆ, ದೆಹಲಿಗಳಲ್ಲಿ ನೆಲೆಸಿ ಮಕ್ಕಳನ್ನು ಅಮೆರಿಕಕ್ಕೆ ಕಳುಹಿಸಿದ ನಮ್ಮ ಅನೇಕ ಕುಟುಂಬಗಳಿಗೆ ದೂರದ್ದೇನೂ ಅಲ್ಲ.

ಸಮಸ್ಯೆಯ ಮೂಲವನ್ನು ಮೊದಲು ನೋಡೋಣ. ಎಚ್-1ಬಿ ವೀಸಾದ ಮೇಲೆ ದುಡಿಯುವವರ ಸಂಗಾತಿಗೆ ಅಮೆರಿಕ ನೀಡುವುದು ಎಚ್-4 ವೀಸಾ. ಇದರಲ್ಲಿ ವಾಸಿಸಬಹುದು, ಓದಬಹುದು. ಅಮೆರಿಕದ ನೆಲದಲ್ಲಿ ಸಂಬಳಕ್ಕೆ ದುಡಿಯುವಂತಿಲ್ಲ. ಕೆನಡಾ ಮತ್ತು ಮೆಕ್ಸಿಕೊ ಪ್ರಜೆಗಳಿಗಾಗಿ 1994ರಲ್ಲಿ ಜಾರಿಗೆ ಬಂದ ನಾಫ್ಟಾ ಒಪ್ಪಂದವು ಕಲ್ಪಿಸಿದ, 2020ರ ಹೊಸ ಒಪ್ಪಂದವೂ ಉಳಿಸಿಕೊಂಡ ಟಿಎನ್ ವರ್ಗದ ಕತೆಯೂ ಇದೇ. ಭಾರತದಲ್ಲಿ ಹುಟ್ಟಿ ಕೆನಡಾದ ಪ್ರಜೆಯಾದ ಎಂಜಿನಿಯರ್ ಟಿಎನ್ ಆಧಾರದಲ್ಲಿ ಡೆಟ್ರಾಯಿಟಿಗೆ ಬಂದರೆ, ಸಂಗಾತಿಗೆ ದೊರೆಯುವ ಟಿಡಿ ಸ್ಥಾನದಲ್ಲಿಯೂ ಉದ್ಯೋಗಕ್ಕೆ ಅವಕಾಶವಿಲ್ಲ. ಕಾನೂನಿನ ಭಾಷೆಯಲ್ಲಿ ಇವರೆಲ್ಲ ‘ಅವಲಂಬಿತರು’.

ಎಚ್-4 ಹೊಂದಿದವರ ಒಂದು ಗುಂಪಿಗೆ 2015ರ ಮೇ 26ರಿಂದ ಉದ್ಯೋಗ ಪರವಾನಗಿ ಪಡೆಯುವ ದಾರಿ ತೆರೆಯಿತು ನಿಜ. ಆದರೆ ಅದು ಸಂಗಾತಿಯ ಗ್ರೀನ್ ಕಾರ್ಡ್ ಪ್ರಕ್ರಿಯೆ ನಿಗದಿತ ಹಂತವನ್ನು ಮುಟ್ಟಿದ್ದರೆ ಮಾತ್ರ. ಹೊಸದಾಗಿ ಬಂದ ಕುಟುಂಬಗಳು ಆ ಹಂತಕ್ಕೆ ವರ್ಷಗಟ್ಟಲೆ ಕಾಯಬೇಕು. ಸಿಕ್ಕ ಪರವಾನಗಿಯೂ ನಿಶ್ಚಿಂತೆಯದಲ್ಲ. ಅದನ್ನು ರದ್ದುಪಡಿಸುವ ಪ್ರಸ್ತಾವ ಒಂದು ಆಡಳಿತದ ಅವಧಿಯುದ್ದಕ್ಕೂ ತೂಗಾಡಿ 2021ರಲ್ಲಿ ಹಿಂತೆಗೆಯಲ್ಪಟ್ಟಿತು. ನಿಯಮದ ವಿರುದ್ಧದ ಮೊಕದ್ದಮೆ ಹತ್ತು ವರ್ಷ ಎಳೆದಾಡಿ, 2025ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿದಾಗ ಕೊನೆಗೊಂಡಿತು. ಅದೇ ತಿಂಗಳ 30ರಂದು, ನವೀಕರಣದ ಅರ್ಜಿ ಬಾಕಿಯಿರುವಾಗ ಪರವಾನಗಿ ತಾನಾಗಿಯೇ ಮುಂದುವರಿಯುವ ಸೌಲಭ್ಯವನ್ನು ಸರಕಾರ ಕೊನೆಗೊಳಿಸಿತು. ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ಸಡಿಲಿಸುತ್ತಲೇ ಬಂದಿದೆ.

ಗಡಿಯೂರಿನ ಕೆಲವು ಕುಟುಂಬಗಳು ಕಂಡುಕೊಂಡ ಉಪಾಯ ಈ ಹಿನ್ನೆಲೆಯದು. ಅದರ ತರ್ಕ ಸರಳ. ಅಮೆರಿಕದ ಅವಲಂಬಿತ ವೀಸಾ ನಿಷೇಧಿಸುವುದು ಅಮೆರಿಕದೊಳಗಿನ ದುಡಿಮೆಯನ್ನು. ನದಿಯಾಚೆ, ಕೆನಡಾದ ನೆಲದಲ್ಲಿ, ಆ ದೇಶದ ಅನುಮತಿಯಿಂದ ಮಾಡಿದ ದುಡಿಮೆಗೆ ಅಮೆರಿಕದ ಒಪ್ಪಿಗೆ ಬೇಕಿಲ್ಲ. ಆ ಅನುಮತಿ ಅನೇಕರ ಬಳಿ ಇದ್ದೇ ಇರುತ್ತದೆ. ಉದ್ಯೋಗಾಧಾರಿತ ಗ್ರೀನ್ ಕಾರ್ಡುಗಳು ವರ್ಷಕ್ಕೆ ಸುಮಾರು 1,40,000. ಸಾಮಾನ್ಯವಾಗಿ ಯಾವುದೇ ಒಂದು ದೇಶದವರಿಗೆ ಶೇ. 7ಕ್ಕಿಂತ ಹೆಚ್ಚು ಪಾಲಿಲ್ಲ. ಈ ಸಾಲಿನ ಉದ್ದಕ್ಕೆ ಬೇಸತ್ತ ಭಾರತೀಯರು ಅಮೆರಿಕದಲ್ಲಿದ್ದುಕೊಂಡೇ ಕೆನಡಾದ ಖಾಯಂ ನಿವಾಸಕ್ಕೆ ಅರ್ಜಿ ಹಾಕುವುದು, 2015ರಲ್ಲಿ ಆ ದೇಶ ‘ಎಕ್ಸ್‌ಪ್ರೆಸ್ ಎಂಟ್ರಿ’ ಪದ್ಧತಿಯನ್ನು ಆರಂಭಿಸಿದ ಮೇಲೆ ಸಾಮಾನ್ಯ ಸಂಗತಿಯಾಯಿತು.

ಹೀಗೆ ಖಾಯಂ ನಿವಾಸಿಯಾದವರು ಪ್ರತಿ ಐದು ವರ್ಷಗಳಲ್ಲಿ 730 ದಿನ ಕೆನಡಾದಲ್ಲಿ ಇರಲೇಬೇಕು. ಅಲ್ಲಿನ ವಲಸೆ ಇಲಾಖೆಯ ಕೈಪಿಡಿಯಂತೆ ದಿನದ ಒಂದು ಭಾಗವಷ್ಟೇ ಇದ್ದರೂ ಅದು ಒಂದು ದಿನವೇ. ಉದಾಹರಣೆಗೆ ಒಂದು ದಂಪತಿಯನ್ನು ಕಲ್ಪಿಸಿಕೊಳ್ಳೋಣ. ಇಬ್ಬರೂ ಕೆನಡಾದ ಖಾಯಂ ನಿವಾಸಿಗಳು. ಪತಿ ಡೆಟ್ರಾಯಿಟ್ ಬಳಿ ಎಚ್-1ಬಿ ಉದ್ಯೋಗಿ, ಪತ್ನಿ ಎಚ್-4. ಆಕೆ ವರ್ಷಕ್ಕೆ 230 ದಿನ ವಿಂಡ್ಸರಿಗೆ ಕೆಲಸಕ್ಕೆ ಹೋದರೆ ಮೂರು ವರ್ಷ ಎರಡು ತಿಂಗಳೊಳಗೆ ಲೆಕ್ಕ ತುಂಬುತ್ತದೆ. ಪತಿಯದು ತುಂಬುವುದಿಲ್ಲ. ಒಂದೇ ಸೂರಿನಡಿ ಮಲಗುವ ಇಬ್ಬರಲ್ಲಿ ಒಬ್ಬರ ಹಕ್ಕು ಬಲಿಯುತ್ತದೆ, ಇನ್ನೊಬ್ಬರದು ಸವೆಯುತ್ತದೆ.

ಕಾನೂನು ಸಮ್ಮತವೇನೋ ಹೌದು. ಆದರೆ ನಿತ್ಯದ ಬದುಕು ಅಷ್ಟು ಸಲೀಸಲ್ಲ. ಪ್ರತಿ ಸಂಜೆ ಮನೆಗೆ ಮರಳುವುದೆಂದರೆ ಪ್ರತಿ ಸಂಜೆ ಅಮೆರಿಕದೊಳಕ್ಕೆ ಹೊಸದಾಗಿ ಪ್ರವೇಶ ಕೋರಿದಂತೆ. ಪಾಸ್‌ಪೋರ್ಟಿನಲ್ಲಿನ ವೀಸಾ ಮುದ್ರೆಯ ಅವಧಿ ಮುಗಿದಿದ್ದರೂ, ವಾಸ್ತವ್ಯದ ದಾಖಲೆ ಚಾಲ್ತಿಯಲ್ಲಿದ್ದರೆ, 30 ದಿನ ಮೀರದ ಕೆನಡಾ ಭೇಟಿಯಿಂದ ಮರಳಬಹುದೆಂಬ ನಿಯಮವಿದೆ. ಆದರೆ ಆ ಭೇಟಿಯಲ್ಲಿ ಹೊಸ ವೀಸಾಕ್ಕೆ ಅರ್ಜಿ ಹಾಕಿದವರಿಗೆ ಈ ಅನುಕೂಲವಿಲ್ಲ. “ಎಲ್ಲಿಂದ ಬರುತ್ತಿದ್ದೀರಿ?” ಎಂಬ ಸಾಮಾನ್ಯ ಪ್ರಶ್ನೆಗೆ “ಕೆಲಸದಿಂದ” ಎಂಬ ಸಾಮಾನ್ಯ ಉತ್ತರ, ಅವಲಂಬಿತ ವೀಸಾ ಹಿಡಿದವರ ಬಾಯಲ್ಲಿ, ಇನ್ನಷ್ಟು ಪ್ರಶ್ನೆಗಳಿಗೆ ದಾರಿ ಮಾಡಬಹುದು.

ಇನ್ನೊಂದು ತೊಡಕು ಇತ್ತೀಚಿನದು. 2020ರ ನಂತರ ಮನೆಯಿಂದಲೇ ಕೆಲಸ ಮಾಡುವ ಪದ್ಧತಿ ಎಲ್ಲೆಡೆ ಹಬ್ಬಿತು. ವಿಂಡ್ಸರಿನ ಕಚೇರಿಯವರು “ಹಿಮ ಬೀಳುತ್ತಿದೆ, ಇಂದು ಮನೆಯಿಂದಲೇ ಮಾಡಿ” ಎಂದರೆ ಸಹೋದ್ಯೋಗಿಗಳಿಗೆ ಅದು ಉಪಕಾರ; ಈಕೆಗೆ ಸಂಕಟ. ಏಕೆಂದರೆ ಸಂಬಳ ಕೆನಡಾದ್ದಾದರೂ ಕುಳಿತ ಕುರ್ಚಿ ಮಿಶಿಗನ್ನಿನದು. ದುಡಿಯುವ ದೇಹ ಎಲ್ಲಿದೆಯೋ ದುಡಿಮೆ ಅಲ್ಲಿಯದೇ ಎಂದು ವಾದಿಸಲು ಅವಕಾಶವಿರುವಾಗ, ಲ್ಯಾಪ್‌ಟಾಪನ್ನು ಮನೆಯಲ್ಲಿ ತೆರೆಯದಿರುವುದೇ ಕ್ಷೇಮ. ಲೋಕಕ್ಕೆಲ್ಲ ಗಡಿಗಳನ್ನು ಅಳಿಸಿದಂತೆ ತೋರಿದ ತಂತ್ರಜ್ಞಾನ ಈಕೆಯ ಪಾಲಿಗೆ ಗಡಿಯನ್ನು ಊಟದ ಮೇಜಿನವರೆಗೆ ತಂದು ನಿಲ್ಲಿಸಿತು.

ಹಣಕಾಸಿನ ಲೆಕ್ಕವೂ ಇಬ್ಬಗೆಯದು. ಅಲ್ಲಿನ ಸಂಬಳದ ಮೇಲೆ ಕೆನಡಾ ಮೊದಲು ತೆರಿಗೆ ಹಿಡಿಯುತ್ತದೆ. ಅಮೆರಿಕದ ನಿವಾಸಿಯೆಂಬ ಕಾರಣಕ್ಕೆ ಅದೇ ಆದಾಯವನ್ನು ಇಲ್ಲಿಯೂ ತೋರಿಸಿ, ಕಟ್ಟಿದ ತೆರಿಗೆಗೆ ವಿನಾಯಿತಿ ಕೇಳಬೇಕು. ಕೆನಡಾದ ಬ್ಯಾಂಕು ಖಾತೆಗಳ ಒಟ್ಟು ಮೊತ್ತ ವರ್ಷದ ಯಾವುದೇ ದಿನ 10,000 ಡಾಲರ್ ದಾಟಿದರೆ ಅಮೆರಿಕಕ್ಕೆ ಪ್ರತ್ಯೇಕ ವರದಿ ಸಲ್ಲಿಸಬೇಕು. ಪಿಂಚಣಿಯ ವಿಷಯದಲ್ಲಿ ಮಾತ್ರ ನೆಮ್ಮದಿಯಿದೆ. 1984ರಿಂದ ಜಾರಿಯಲ್ಲಿರುವ ಒಪ್ಪಂದದಿಂದಾಗಿ ಎರಡೂ ದೇಶಗಳಲ್ಲಿ ದುಡಿದ ಅವಧಿಯನ್ನು ಅರ್ಹತೆಗಾಗಿ ಕೂಡಿಸಿಕೊಳ್ಳಬಹುದು. ಆರೋಗ್ಯದ ವಿಷಯದಲ್ಲಿ ಅದೂ ಇಲ್ಲ. ಒಂಟಾರಿಯೊದ ಸರಕಾರಿ ಆರೋಗ್ಯ ವಿಮೆ ಆ ಪ್ರಾಂತದಲ್ಲೇ ಮುಖ್ಯ ಮನೆಯಿರುವವರಿಗೆ ಮಾತ್ರ. ತೆರಿಗೆ ಅಲ್ಲಿ ಕಟ್ಟಿದರೂ ಕಾಯಿಲೆಗೆ ಪತಿಯ ಕಂಪನಿಯ ವಿಮೆಯನ್ನೇ ನೆಚ್ಚಬೇಕು.

ಎರಡು ದೋಣಿಗಳ ಮೇಲೆ ಕಾಲಿಡಬಾರದೆಂಬುದು ಹಿರಿಯರ ಮಾತು. ದೋಣಿಗಳೆರಡೂ ಜತೆಯಾಗಿ ಸಾಗುವಷ್ಟು ಕಾಲ ಅಪಾಯ ತಿಳಿಯುವುದಿಲ್ಲ. 2020ರ ಮಾರ್ಚ್ 21ರಂದು ಅಮೆರಿಕ-ಕೆನಡಾ ನಡುವಿನ ಭೂಗಡಿ ಅನಿವಾರ್ಯವಲ್ಲದ ಸಂಚಾರಕ್ಕೆ ಮುಚ್ಚಿದಾಗ ಅದು ತಿಳಿಯಿತು. ಮರಳುವ ಪ್ರಜೆಗಳು, ಗ್ರೀನ್ ಕಾರ್ಡುದಾರರು, ಅಮೆರಿಕದಲ್ಲಿ ಕೆಲಸ ಮಾಡಲು ಬರುವವರು ಮುಂತಾದವರನ್ನು ಅಮೆರಿಕವು ಅನಿವಾರ್ಯ ಸಂಚಾರದ ಪಟ್ಟಿಯಲ್ಲಿ ಹೆಸರಿಸಿತು. ಆಚೆ ದುಡಿದು ಈಚೆ ಮನೆಗೆ ಮರಳುವ ಅವಲಂಬಿತರ ಹೆಸರು ಅಲ್ಲಿರಲಿಲ್ಲ. ಪಟ್ಟಿ ಅಲ್ಲಿಗೇ ಮುಗಿಯಿತೆಂದೇನೂ ಆದೇಶ ಹೇಳಿರಲಿಲ್ಲ. ಹೀಗಾಗಿ ನಿರ್ಧಾರ ಉಳಿದದ್ದು ಗಡಿಯ ಅಧಿಕಾರಿಯ ವಿವೇಚನೆಗೆ. ಈ ನಿರ್ಬಂಧ 2021ರ ನವೆಂಬರ್ 8ರವರೆಗೂ ಮುಂದುವರಿಯಿತು. ಅದೇ 2020ರ ಬೇಸಿಗೆಯಲ್ಲಿ ನೋಯಿಡಾ ಮತ್ತು ಗುರುಗ್ರಾಮಗಳ ಗಡಿ ಮುಚ್ಚಿದಾಗ ದೆಹಲಿಯ ಓದುಗರು ಪಟ್ಟ ಪಾಡನ್ನು ನೆನೆದರೆ ಇದರ ತೀವ್ರತೆ ಅರಿವಾದೀತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಯುರೋಪಿನಲ್ಲಿ ಇಂತಹ ಬದುಕಿಗೆ ಕಾನೂನಿನಲ್ಲಿ ಹೆಸರಿದೆ. ಒಂದು ದೇಶದಲ್ಲಿ ದುಡಿದು, ನಿತ್ಯ ಅಥವಾ ವಾರಕ್ಕೊಮ್ಮೆಯಾದರೂ ಇನ್ನೊಂದು ದೇಶದ ಮನೆಗೆ ಮರಳುವವರನ್ನು ಐರೋಪ್ಯ ಒಕ್ಕೂಟದ 2004ರ ಸಾಮಾಜಿಕ ಭದ್ರತಾ ನಿಯಮಾವಳಿ ‘ಗಡಿ ಕಾರ್ಮಿಕರು’ ಎಂದು ಗುರುತಿಸುತ್ತದೆ. ಫ್ರಾನ್ಸಿನಿಂದ ಜಿನೀವಾಕ್ಕೆ ದುಡಿಯಲು ಹೋಗುವವರಿಗೆ ಸ್ವಿಟ್ಜರ್‌ಲೆಂಡ್ ‘ಜಿ’ ಎಂಬ ಪ್ರತ್ಯೇಕ ಪರವಾನಗಿಯನ್ನೇ ಕೊಡುತ್ತದೆ. ಹೆಸರಿದ್ದಲ್ಲಿ ಹಕ್ಕಿನ ಮಾತೂ ಬರುತ್ತದೆ. ಅಮೆರಿಕದ ವಲಸೆ ಕಾನೂನಿನಲ್ಲಿ ಡೆಟ್ರಾಯಿಟ್-ವಿಂಡ್ಸರ್ ನಡುವಿನ ಈ ಗೃಹಿಣಿ-ಉದ್ಯೋಗಿಗೆ ಹೆಸರಿಲ್ಲ. ಆಕೆ ಒಂದು ದಡದಲ್ಲಿ ಅವಲಂಬಿತೆ, ಇನ್ನೊಂದು ದಡದಲ್ಲಿ ಖಾಯಂ ನಿವಾಸಿ. ಎರಡನ್ನೂ ಹೊಲಿದುಕೊಳ್ಳುವ ಹೊಣೆ ಸಂಪೂರ್ಣವಾಗಿ ಆಕೆಯದೇ.

ಆದರೂ ಈ ಏರ್ಪಾಡನ್ನು ಬರಿಯ ಸಂಕಟವೆಂದು ತಳ್ಳಿಹಾಕಲಾಗದು. ಎಚ್-1ಬಿ ಉದ್ಯೋಗಿ ಕೆಲಸ ಕಳೆದುಕೊಂಡರೆ 2017ರಿಂದ ಜಾರಿಯಲ್ಲಿರುವ ನಿಯಮದಂತೆ ಹೆಚ್ಚೆಂದರೆ 60 ದಿನಗಳ ಕಾಲಾವಕಾಶ. ಅಷ್ಟರಲ್ಲಿ ಬೇರೆ ದಾರಿಯಾಗದಿದ್ದರೆ ಕುಟುಂಬವೇ ದೇಶ ಬಿಡಬೇಕು. ನಮ್ಮ ಕಲ್ಪನೆಯ ದಂಪತಿಗೆ ಇಂತಹ ದಿನ ಬಂದರೆ ಏನಾದೀತು? ಪತಿಯ ಕೆಲಸದೊಂದಿಗೆ ಮನೆ, ವಿಮೆ, ವೀಸಾ ಎಲ್ಲವೂ ಅಲುಗಾಡುತ್ತವೆ. ಅಲುಗದೆ ನಿಲ್ಲುವುದು ಪತ್ನಿಯ ವಿಂಡ್ಸರ್ ಉದ್ಯೋಗವೊಂದೇ. ಪತಿಯ 730 ದಿನಗಳ ಗಡುವು ಮುಗಿದಿರದಿದ್ದರೆ ಕುಟುಂಬವು ಆಕೆಯ ಹಿಂದೆ ನದಿ ದಾಟಿ ಬದುಕನ್ನು ಮುಂದುವರಿಸಬಹುದು. ಕಾಗದದ ಮೇಲೆ ಅವಲಂಬಿತೆಯಾಗಿದ್ದವಳೇ ಆಗ ಅವಲಂಬನ. ಎಚ್-1ಬಿ ಹೊಂದಿದವರಿಗಾಗಿ ಕೆನಡಾ 2023ರ ಜುಲೈನಲ್ಲಿ ತೆರೆದ ವಿಶೇಷ ಉದ್ಯೋಗ ಪರವಾನಗಿಯ 10,000 ಸ್ಥಾನಗಳೂ ಎರಡು ದಿನಗಳೊಳಗೆ ಭರ್ತಿಯಾದವು. ಆಚೆ ದಡದಲ್ಲೊಂದು ಆಸರೆ ಬೇಕೆಂಬ ಹಂಬಲ ಎಷ್ಟು ಮನೆಗಳಲ್ಲಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ನೋಯಿಡಾದಲ್ಲಿ ಮನೆ ಮಾಡಿ ಗುರುಗ್ರಾಮದಲ್ಲಿ ದುಡಿಯುವ ದೆಹಲಿ ಕನ್ನಡತಿ ದಿನಕ್ಕೆರಡು ಬಾರಿ ರಾಜ್ಯಗಳ ಗಡಿ ದಾಟುತ್ತಾಳೆ. ಉಡುಪಿಯಿಂದ ಮದುವೆಯಾಗಿ ಮುಂಬಯಿಗೆ ಬಂದು ಕೆಲಸಕ್ಕೆ ಸೇರಿದವಳನ್ನು “ನೀನು ಯಾರ ಪರವಾನಗಿಯ ಮೇಲೆ ಇಲ್ಲಿದ್ದೀಯೆ?” ಎಂದು ಯಾವ ಕಚೇರಿಯೂ ಕೇಳಲಿಲ್ಲ. ನಮ್ಮ ಸಂವಿಧಾನದ 19ನೆಯ ವಿಧಿ ದೇಶದ ಯಾವ ಭಾಗದಲ್ಲಾದರೂ ನೆಲೆಸುವ, ಯಾವ ವೃತ್ತಿಯನ್ನಾದರೂ ಕೈಗೊಳ್ಳುವ ಹಕ್ಕನ್ನು ಪ್ರತಿ ಪ್ರಜೆಗೂ ಬಿಡಿಬಿಡಿಯಾಗಿ ಕೊಟ್ಟಿದೆ. ದಂಪತಿಗೆ ಒಟ್ಟಾಗಿ ಅಲ್ಲ. ಈ ಹಕ್ಕಿನಲ್ಲಿ ಬೆಳೆದ ನಮ್ಮ ಹೆಣ್ಣುಮಕ್ಕಳು ವಿಮಾನ ಏರಿದೊಡನೆ ಸಂಗಾತಿಯ ಕಡತದ ಒಂದು ಪುಟವಾಗುತ್ತಾರೆ.

ಆದುದರಿಂದ ಇಂತಹ ಏರ್ಪಾಡಿಗೆ ಮನಸ್ಸು ಮಾಡುವವರು ಸಂಬಳದ ಮೊತ್ತವನ್ನಷ್ಟೇ ನೋಡಿದರೆ ಸಾಲದು. ಎರಡೂ ದೇಶಗಳ ನಿಯಮ ಬಲ್ಲ ವಕೀಲರನ್ನು, ತೆರಿಗೆ ತಜ್ಞರನ್ನು ಮೊದಲೇ ಕಾಣಬೇಕು. ನದಿ ದಾಟಿದ ಪ್ರತಿ ದಿನದ ದಾಖಲೆ ಇಡಬೇಕು. ಮನೆಯಿಂದ ಕೆಲಸದ ವಿಷಯವನ್ನು ಉದ್ಯೋಗದಾತರೊಡನೆ ನೇಮಕಕ್ಕೆ ಮುಂಚೆಯೇ ಮಾತಾಡಿಕೊಳ್ಳಬೇಕು. ಇನ್ನು ಸರಕಾರಗಳ ಮಾತು. ಎಲ್-1 ಉದ್ಯೋಗಿಗಳ ಸಂಗಾತಿಗೆ ವಾಸದ ಹಕ್ಕಿನೊಂದಿಗೇ ದುಡಿಯುವ ಹಕ್ಕೂ ಇದೆಯೆಂದು ಅಮೆರಿಕ 2021ರ ನವೆಂಬರಿನಲ್ಲಿ ಒಪ್ಪಿಕೊಂಡಿತು. ಎಲ್-2ಕ್ಕೆ ಸಲ್ಲುವುದು ಎಚ್-4ಕ್ಕೆ ಏಕೆ ಸಲ್ಲಬಾರದೆಂಬ ಪ್ರಶ್ನೆಗೆ ಸಮರ್ಪಕ ಉತ್ತರ ಬಂದಿಲ್ಲ. ಅದು ಬರುವವರೆಗೆ ಪ್ರತಿ ಬೆಳಿಗ್ಗೆ ಕೆಲವರು ಪಾಸ್‌ಪೋರ್ಟನ್ನು ಬುತ್ತಿಯ ಜತೆಗೇ ಚೀಲಕ್ಕೆ ಹಾಕಿಕೊಂಡು ಸುರಂಗದತ್ತ ಹೊರಡುತ್ತಲೇ ಇರುತ್ತಾರೆ.