ಸಂಶಯ ಬಂದ ದಿನವೇ ಸರಕು ವಾಪಸಾಗಲಿ

2014ರ ಮಾರ್ಚ್‌ನಲ್ಲಿ ಉತ್ತರ ಪ್ರದೇಶದ ಬಾರಾಬಂಕಿಯ ಆಹಾರ ಸುರಕ್ಷತಾ ಅಧಿಕಾರಿಗಳು ಅಂಗಡಿಯೊಂದರಿಂದ ಮ್ಯಾಗಿ ಪೊಟ್ಟಣಗಳನ್ನು ಪರೀಕ್ಷೆಗೆ ಒಯ್ದರು. ಎಂಎಸ್‌ಜಿ, ಅಂದರೆ ಜನ ಅಜಿನೊಮೊಟೊ ಎನ್ನುವ ಪುಡಿ, ಸೇರಿಸಿಲ್ಲ ಎಂದು ಪೊಟ್ಟಣದ ಮೇಲೆ ಅಚ್ಚಾಗಿತ್ತು. ಗೋರಖ್‌ಪುರದ ಪ್ರಯೋಗಾಲಯ ಅದು ಇದೆ ಎಂದಿತು. ಮ್ಯಾಗಿ ತಯಾರಿಸುವ ನೆಸ್ಲೆ ಇಂಡಿಯಾ ಒಪ್ಪಲಿಲ್ಲ. ಮಾದರಿ ಕೋಲ್ಕತ್ತದ ಕೇಂದ್ರೀಯ ಆಹಾರ ಪ್ರಯೋಗಾಲಯಕ್ಕೆ ಹೋಯಿತು. ವರ್ಷ ಕಳೆದು ಬಂದ ವರದಿಯಲ್ಲಿ ಎಂಎಸ್‌ಜಿಗಿಂತ ದೊಡ್ಡ ಗಾಬರಿ ಕಾದಿತ್ತು: ಸೀಸ, 17.2 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 17.2 ಭಾಗ. ಕಾನೂನು ಒಪ್ಪುವ ಮಿತಿ 2.5.

ಸೀಸ ಎಂದರೆ ಸುಮ್ಮನೆ ಅಲ್ಲ. ಬೆಳೆಯುವ ಮಕ್ಕಳ ಮಿದುಳಿಗೆ ಅದು ನೇರ ಪೆಟ್ಟು ಕೊಡುತ್ತದೆ. ಶಾಲೆಯಿಂದ ಬಂದ ಮಗುವಿಗೆ ಎರಡೇ ನಿಮಿಷದಲ್ಲಿ ಬೇಯಿಸಿ ಕೊಡುವ ತಿಂಡಿ ಎಂದು ಮೂರು ದಶಕ ಜಾಹೀರಾತು ಕೊಟ್ಟು ಬೆಳೆದ ಬ್ರ್ಯಾಂಡ್‌ಗೆ ಇದಕ್ಕಿಂತ ಗಂಭೀರವಾದ ಆರೋಪ ಇರಲಾರದು.

ಆದರೆ ನೆಸ್ಲೆ ಇಂಡಿಯಾ ಮೊದಲು ಏನು ಮಾಡಿತು? 2015ರ ಏಪ್ರಿಲ್ ಕೊನೆಗೆ ಉತ್ತರ ಪ್ರದೇಶ ಸರ್ಕಾರ ಆ ಬ್ಯಾಚಿನ ಸರಕು ಹಿಂಪಡೆಯಲು ಹೇಳಿತು. ಅದು 2014ರ ಫೆಬ್ರುವರಿಯಲ್ಲಿ ತಯಾರಾದ ಸರಕು, ಬಳಕೆಯ ಅವಧಿ ನವೆಂಬರಿಗೇ ಮುಗಿದಿದೆ, ಆದ್ದರಿಂದ ಮಾರುಕಟ್ಟೆಯಲ್ಲಿಲ್ಲ ಎಂಬುದು ಕಂಪನಿಯ ಉತ್ತರವಾಗಿತ್ತು. ಈಗ ಮಾರಾಟದಲ್ಲಿರುವ ಮ್ಯಾಗಿಯನ್ನು ವಾಪಸು ಪಡೆಯುವ ಆದೇಶವೇ ಇಲ್ಲ ಎಂದು ಮೇ 21ರಂದು ಹೇಳಿಕೆ ಹೊರಟಿತು. ನೂಡಲ್ಸ್ ಮತ್ತು ಮಸಾಲೆ ಪುಡಿಯನ್ನು ಒಟ್ಟಿಗೆ ಬೇಯಿಸಿ ತಿನ್ನುವುದರಿಂದ ಸೀಸವನ್ನೂ ಒಟ್ಟಾಗಿಯೇ ಅಳೆಯಬೇಕು, ಪುಡಿಯನ್ನು ಪ್ರತ್ಯೇಕವಾಗಿ ಪರೀಕ್ಷಿಸಬಾರದು ಎಂಬ ವಾದವೂ ಬಂತು. ಈರುಳ್ಳಿ ಪುಡಿ, ಗೋಧಿ ಹಿಟ್ಟು, ಕಡಲೆಕಾಯಿಯ ಪ್ರೋಟೀನ್ ಇವುಗಳಲ್ಲಿ ಸಹಜವಾಗಿಯೇ ಇರುವ ಗ್ಲುಟಮೇಟ್ ಪರೀಕ್ಷೆಯಲ್ಲಿ ಕಾಣಿಸಿರಬಹುದು ಎಂಬ ವಿವರಣೆಯೂ ಇತ್ತು.

ಈ ಮಾತುಗಳಲ್ಲಿ ಸುಳ್ಳಿಲ್ಲದಿರಬಹುದು. ಆದರೆ ಒಂದೂ ತಾಯಂದಿರಿಗೆ ಹೇಳಿದ ಮಾತಲ್ಲ. ಎಲ್ಲವೂ ಅಧಿಕಾರಿಗಳಿಗೆ, ವಕೀಲರಿಗೆ, ರಸಾಯನಶಾಸ್ತ್ರಜ್ಞರಿಗೆ ಹೇಳಿದವು. ನಿನ್ನೆ ರಾತ್ರಿ ನನ್ನ ಮಗ ತಿಂದದ್ದು ಸರಿಯಿತ್ತೇ, ಕಪಾಟಿನಲ್ಲಿ ಉಳಿದ ಆರು ಪೊಟ್ಟಣಗಳನ್ನು ಏನು ಮಾಡಲಿ ಎಂಬ ಪ್ರಶ್ನೆಗೆ ವಾರಗಟ್ಟಲೆ ನೇರ ಉತ್ತರ ಸಿಗಲಿಲ್ಲ. ಆ ಖಾಲಿ ಜಾಗವನ್ನು ಟಿ.ವಿ. ಚರ್ಚೆಗಳೂ ವಾಟ್ಸ್‌ಆ್ಯಪ್ ಸಂದೇಶಗಳೂ ತುಂಬಿದವು. ಒಂದರ ಹಿಂದೆ ಒಂದು ರಾಜ್ಯ ನಿಷೇಧ ಹೇರಿತು. ಜೂನ್ 5ರಂದು ಭಾರತೀಯ ಆಹಾರ ಸುರಕ್ಷತಾ ಮತ್ತು ಗುಣಮಟ್ಟ ಪ್ರಾಧಿಕಾರ ಮ್ಯಾಗಿಯ ಒಂಬತ್ತೂ ಬಗೆಗಳನ್ನು ಹಿಂಪಡೆಯಲು ಆದೇಶಿಸಿತು. ನೆಸ್ಲೆಯ ಜಾಗತಿಕ ಮುಖ್ಯಸ್ಥ ಪಾಲ್ ಬುಲ್ಕೆ ದೆಹಲಿಗೆ ಬಂದು ಪತ್ರಿಕಾಗೋಷ್ಠಿ ನಡೆಸಿದ್ದೂ ಅಂದೇ. ಆದೇಶದ ಹೊತ್ತಿಗೇ ಕಂಪನಿಯೂ ಸರಕು ಹಿಂಪಡೆಯುವುದಾಗಿ ಪ್ರಕಟಿಸಿತ್ತು. ಮೂರು ವಾರ ಮೊದಲು ಇದೇ ಹೆಜ್ಜೆ ಇಟ್ಟಿದ್ದರೆ ಅದು ಕಂಪನಿಯ ನಿರ್ಧಾರ ಎನಿಸಿಕೊಳ್ಳುತ್ತಿತ್ತು. ಜೂನ್ 5ರಂದು ಅದು ಶಿಕ್ಷೆಯಂತೆ ಕಂಡಿತು.

ಮುಂದಿನದು ದೇಶದ ಆಹಾರೋದ್ಯಮ ಹಿಂದೆ ಕಂಡಿರದ ದೃಶ್ಯ. ಕಿರಾಣಿ ಅಂಗಡಿಗಳಿಂದ, ಗೋದಾಮುಗಳಿಂದ, ಮನೆಗಳಿಂದ ಪೊಟ್ಟಣಗಳು ಹಿಂದಕ್ಕೆ ಹೊರಟವು. 30 ಸಾವಿರ ಟನ್‌ಗೂ ಹೆಚ್ಚು ನೂಡಲ್ಸ್ ಸಿಮೆಂಟ್ ಕಾರ್ಖಾನೆಗಳ ಕುಲುಮೆಗಳಲ್ಲಿ ಬೂದಿಯಾಯಿತು. ಏಪ್ರಿಲ್–ಜೂನ್ ತ್ರೈಮಾಸಿಕದಲ್ಲಿ ಕಂಪನಿ 64 ಕೋಟಿ ರೂಪಾಯಿ ನಷ್ಟ ತೋರಿಸಿತು. ಭಾರತದ ಘಟಕದ ಮುಖ್ಯಸ್ಥ ಬದಲಾದರು. ಸುರೇಶ್ ನಾರಾಯಣನ್ ಬಂದರು.

ಬಳಿಕ ಆಗಸ್ಟ್ 13ರಂದು ಬಾಂಬೆ ಹೈಕೋರ್ಟ್ ನಿಷೇಧವನ್ನೇ ರದ್ದು ಮಾಡಿತು. ಕಂಪನಿಯ ಅಹವಾಲು ಸರಿಯಾಗಿ ಕೇಳಿಲ್ಲ, ಪರೀಕ್ಷೆ ನಡೆಸಿದ ಪ್ರಯೋಗಾಲಯಗಳಿಗೆ ಅದಕ್ಕೆ ಬೇಕಾದ ಮಾನ್ಯತೆ ಇಲ್ಲ ಎಂದಿತು. ಮಾನ್ಯತೆ ಪಡೆದ ಮೂರು ಪ್ರಯೋಗಾಲಯಗಳಲ್ಲಿ ಹೊಸದಾಗಿ ಪರೀಕ್ಷೆಗೆ ಸೂಚಿಸಿತು. ಮೂರರಲ್ಲೂ ಸೀಸ ಮಿತಿಯೊಳಗಿತ್ತು. ಸಿಂಗಪುರ, ಬ್ರಿಟನ್, ಕೆನಡಾ ದೇಶಗಳ ಪರೀಕ್ಷೆಯಲ್ಲೂ ಭಾರತದಲ್ಲಿ ತಯಾರಾದ ಮ್ಯಾಗಿ ಪಾಸಾಗಿತ್ತು. ಅಕ್ಟೋಬರ್ ಕೊನೆಗೆ ನಮ್ಮ ನಂಜನಗೂಡು ಸೇರಿ ಮೂರು ಕಡೆ ಕಾರ್ಖಾನೆಗಳು ಮತ್ತೆ ಶುರುವಾದವು. ದೀಪಾವಳಿಯ ಹೊತ್ತಿಗೆ ಹಳದಿ ಪೊಟ್ಟಣ ಅಂಗಡಿಗೆ ಮರಳಿತು. ಪೊಟ್ಟಣದ ಮೇಲಿನ ಎಂಎಸ್‌ಜಿ ಮಾತನ್ನು ಕಂಪನಿ ಕೈಬಿಟ್ಟಿತು.

ಆ ಹೊತ್ತಿನ ಜಾಹೀರಾತುಗಳ ಧಾಟಿ, ಮ್ಯಾಗಿ ಹಿಂದೆಯೂ ಸುರಕ್ಷಿತವಾಗಿಯೇ ಇತ್ತು ಎಂಬುದಾಗಿತ್ತು. ಪ್ರಯೋಗಾಲಯದ ಮಟ್ಟಿಗೆ ಅದು ಒಪ್ಪತಕ್ಕದ್ದೇ. ಹಾಗೆಂದು ಏಪ್ರಿಲ್, ಮೇ ತಿಂಗಳ ನಡವಳಿಕೆ ಸರಿಯಾಗುವುದಿಲ್ಲ. ಸೀಸ ಮಿತಿಯೊಳಗಿದೆ ಎಂದು ಕೊನೆಗೆ ಸಾಬೀತಾದದ್ದು ಒಂದು ವಿಷಯ. ಮಿತಿ ಮೀರಿದೆಯೋ ಇಲ್ಲವೋ ತಿಳಿಯದಿದ್ದ ದಿನಗಳಲ್ಲಿ ಮಕ್ಕಳ ತಟ್ಟೆಗೆ ಮ್ಯಾಗಿ ಬೀಳುತ್ತಲೇ ಇದ್ದದ್ದು ಇನ್ನೊಂದು. ಗೊತ್ತಿಲ್ಲದ ದಿನಗಳಲ್ಲಿ ಯಾರು ನಷ್ಟ ಹೊರಬೇಕು ಎಂಬುದೇ ಇಲ್ಲಿನ ಮೂಲ ಪ್ರಶ್ನೆ. ಕಂಪನಿ ಹೊತ್ತರೆ ಹೋಗುವುದು ಹಣ. ಗಿರಾಕಿ ಹೊತ್ತರೆ ಹೋಗುವುದು ಮಗುವಿನ ಆರೋಗ್ಯ.

ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟವರೂ ಇದ್ದಾರೆ. 1982ರ ಸೆಪ್ಟೆಂಬರ್ ಕೊನೆಯಲ್ಲಿ ಅಮೆರಿಕದ ಷಿಕಾಗೊ ಸುತ್ತಮುತ್ತ ಟೈಲೆನಾಲ್ ನೋವಿನ ಮಾತ್ರೆ ನುಂಗಿದ ಏಳು ಮಂದಿ ಸತ್ತರು. ಕ್ಯಾಪ್ಸೂಲ್‌ಗಳಿಗೆ ಯಾರೋ ಸೈನೈಡ್ ತುಂಬಿಟ್ಟಿದ್ದರು. ವಿಷ ಸೇರಿದ್ದು ಕಾರ್ಖಾನೆಯಲ್ಲಲ್ಲ ಎಂಬುದು ಬೇಗನೆ ಸ್ಪಷ್ಟವಾಯಿತು. ಆದರೂ ಜಾನ್ಸನ್ ಆ್ಯಂಡ್ ಜಾನ್ಸನ್ ಮುಖ್ಯಸ್ಥ ಜೇಮ್ಸ್ ಬರ್ಕ್ ದೇಶದಾದ್ಯಂತ 3.1 ಕೋಟಿ ಬಾಟಲಿಗಳನ್ನು ವಾಪಸು ತರಿಸಿದರು. 10 ಕೋಟಿ ಡಾಲರ್‌ಗೂ ಹೆಚ್ಚಿನ ಸರಕು ಅದು. ಆ ಮಾತ್ರೆ ನುಂಗಬೇಡಿ ಎಂದು ಕಂಪನಿಯೇ ಜನರಿಗೆ ಸಾರಿತು. ಕೆಲವೇ ವಾರಗಳಲ್ಲಿ, ತೆರೆದರೆ ಗೊತ್ತಾಗುವ ಮೂರು ಪದರದ ಮೊಹರು ಹಾಕಿದ ಬಾಟಲಿ ಬಂತು. ಇಂದು ಔಷಧಿ ಬಾಟಲಿಯ ಮುಚ್ಚಳದಡಿ ಕಾಣುವ ಫಾಯಿಲ್ ಪದರ ರೂಢಿಗೆ ಬಂದದ್ದು ಆ ದುರಂತದ ನಂತರ. ವರ್ಷದೊಳಗೆ ಟೈಲೆನಾಲ್ ಕಳೆದುಕೊಂಡ ಮಾರುಕಟ್ಟೆಯ ಬಹುಪಾಲು ಮರಳಿ ಗಳಿಸಿತು.

ವ್ಯಾಪಾರ ನಿರ್ವಹಣೆಯ ತರಗತಿಗಳಲ್ಲಿ ಈ ಕಥೆಯನ್ನು ಇಂದಿಗೂ ಪಾಠವಾಗಿ ಹೇಳುತ್ತಾರೆ. ಅದೇ ಕಂಪನಿಯ ಬೇಬಿ ಪೌಡರ್ ಕಥೆಯನ್ನೂ ಜೊತೆಗೇ ಹೇಳಬೇಕು. ಪೌಡರ್‌ನ ಟಾಲ್ಕ್‌ನಲ್ಲಿ ಕ್ಯಾನ್ಸರ್ ತರುವ ಆಸ್ಬೆಸ್ಟಾಸ್‌ನ ಅಂಶ ಕೆಲವೊಮ್ಮೆ ಕಂಡಿದ್ದು ಕಂಪನಿಗೆ ದಶಕಗಳಿಂದ ಗೊತ್ತಿತ್ತು ಎಂದು 2018ರಲ್ಲಿ ರಾಯಿಟರ್ಸ್ ವರದಿ ಮಾಡಿತು. ಕಂಪನಿ ಅಲ್ಲಗಳೆಯಿತು, ಇಂದಿಗೂ ಅಲ್ಲಗಳೆಯುತ್ತದೆ. ಹತ್ತಾರು ಸಾವಿರ ಮೊಕದ್ದಮೆಗಳು ಬಿದ್ದವು. ಟಾಲ್ಕ್ ಪೌಡರ್ ಮಾರಾಟ ಅಮೆರಿಕ, ಕೆನಡಾಗಳಲ್ಲಿ ನಿಂತದ್ದು 2020ರಲ್ಲಿ. ಜಗತ್ತಿನ ಉಳಿದೆಡೆ 2023ರಲ್ಲಿ. ಹೊರಗಿನ ಕೊಲೆಗಾರ ವಿಷ ಹಾಕಿದಾಗ ಪ್ರಾಮಾಣಿಕವಾಗಿ ನಡೆದುಕೊಳ್ಳುವುದು ಸುಲಭ. ಸಂಶಯ ತನ್ನದೇ ಕಚ್ಚಾವಸ್ತುವಿನ ಮೇಲೆ ಬಂದಾಗ, ಒಪ್ಪಿದರೆ ನ್ಯಾಯಾಲಯದಲ್ಲಿ ಕಟಕಟೆ ಹತ್ತಬೇಕಾದಾಗ, ಅದೇ ಪ್ರಾಮಾಣಿಕತೆ ಕಷ್ಟವಾಗುತ್ತದೆ. ಬ್ರ್ಯಾಂಡ್‌ನ ನಿಜವಾದ ಪರೀಕ್ಷೆ ಇದು. ಕಂಪನಿಯ ಸದ್ಗುಣವನ್ನೇ ನಂಬಿ ಕೂರಬಾರದು, ಕಾನೂನೂ ಪ್ರಯೋಗಾಲಯವೂ ಗಟ್ಟಿಯಿರಬೇಕು ಎನ್ನುವುದು ಇದಕ್ಕೇ.

ಆ ಗಟ್ಟಿತನ ನಮ್ಮಲ್ಲಿ ಸಾಲದು. ಒಂದೇ ಮ್ಯಾಗಿಗೆ ಕೋಲ್ಕತ್ತದ ಪ್ರಯೋಗಾಲಯ ಒಂದು ಹೇಳಿದರೆ ಉಳಿದವು ಇನ್ನೊಂದು ಹೇಳಿದವು. ಕೇಂದ್ರ ಸರ್ಕಾರ ಗ್ರಾಹಕರ ಪರವಾಗಿ ನೆಸ್ಲೆಯಿಂದ 640 ಕೋಟಿ ರೂಪಾಯಿ ಪರಿಹಾರ ಕೇಳಿ ರಾಷ್ಟ್ರೀಯ ಗ್ರಾಹಕ ಆಯೋಗಕ್ಕೆ ಹೋಯಿತು. ಮಾದರಿಗಳ ಪರೀಕ್ಷೆಯನ್ನು ಸುಪ್ರೀಂ ಕೋರ್ಟ್ ಕೊನೆಗೆ ಒಪ್ಪಿಸಿದ್ದು ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಗೆ. ಆ ಸಂಸ್ಥೆಯ ಮೇಲಿನ ವಿಶ್ವಾಸ ಕನ್ನಡಿಗರಿಗೆ ಹೆಮ್ಮೆಯ ವಿಷಯವೇ. ಆದರೆ ಅಂಥ ಪ್ರಯೋಗಾಲಯ ಪ್ರತಿ ರಾಜ್ಯದಲ್ಲಿ ಏಕಿಲ್ಲ? ಮೊಕದ್ದಮೆ ಸುಮಾರು ಒಂಬತ್ತು ವರ್ಷ ನಡೆದು 2024ರ ಏಪ್ರಿಲ್‌ನಲ್ಲಿ ವಜಾ ಆಯಿತು. ಅಷ್ಟರಲ್ಲಿ 2015ರಲ್ಲಿ ಮ್ಯಾಗಿ ತಿನ್ನುತ್ತಿದ್ದ ಎಂಟು ವರ್ಷದ ಮಗು ಮತದಾನದ ವಯಸ್ಸಿಗೆ ಹತ್ತಿರವಾಗಿತ್ತು.

ಆಹಾರ ಹಿಂಪಡೆಯುವ ವಿಧಾನದ ನಿಯಮಗಳು 2017ರಲ್ಲಿ ಬಂದಿವೆ. ತಯಾರಕರು ಹಿಂಪಡೆಯುವ ಯೋಜನೆ ಸಿದ್ಧವಿಟ್ಟಿರಬೇಕು ಎನ್ನುತ್ತವೆ. ಅದರ ಜೊತೆಗೆ ಇನ್ನೂ ಮೂರು ಆಗಬೇಕು. ಪ್ರತಿ ಬ್ಯಾಚಿನ ಪರೀಕ್ಷಾ ಫಲಿತಾಂಶವನ್ನು ಕಂಪನಿಗಳು ಜನರ ಮುಂದಿಡಬೇಕು. ಸರ್ಕಾರಿ ಪ್ರಯೋಗಾಲಯ ದೋಷ ಕಂಡ ಕೂಡಲೇ, ಮೇಲ್ಮನವಿ ಮುಗಿಯುವವರೆಗೆ ಕಾಯದೆ, ಸಂಶಯದ ಸರಕಿನ ಮಾರಾಟ ನಿಲ್ಲಬೇಕು. ದೋಷ ಸುಳ್ಳೆಂದು ತಿಳಿದರೆ ಅಷ್ಟೇ ಬೇಗ, ಅಷ್ಟೇ ದೊಡ್ಡ ದನಿಯಲ್ಲಿ ಸರ್ಕಾರ ಅದನ್ನೂ ಸಾರಬೇಕು.

ಓದುಗರ ಕಡೆಯಿಂದಲೂ ಒಂದು ಕೆಲಸವಿದೆ. ಪೊಟ್ಟಣ ಬಿಸಾಡುವ ಮುನ್ನ ಬ್ಯಾಚ್ ಸಂಖ್ಯೆ, ತಯಾರಿಕೆಯ ದಿನಾಂಕ ನೋಡಿ, ಬಿಲ್ ಇಟ್ಟುಕೊಳ್ಳಿ. ಬಣ್ಣ, ವಾಸನೆ, ರುಚಿಯಲ್ಲಿ ಅನುಮಾನ ಬಂದರೆ ಅಂಗಡಿಯವರೊಡನೆ ಜಗಳವಾಡಿ ಸುಮ್ಮನಾಗಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೆ ಲಿಖಿತ ದೂರು ಕೊಡಿ.