ಹೆಬ್ಬೆಗೆ ಜೀಪು ಬೇಕೆ?

ಚಿಕ್ಕಮಗಳೂರು ಸೀಮೆಯ ಹೆಬ್ಬೆ ಜಲಪಾತಕ್ಕೆ 'ಒಳ್ಳೆಯ ರಸ್ತೆ' ಆಗಬೇಕೆಂದು ಹಟ ಹಿಡಿದವರು ನನ್ನ ಸ್ನೇಹಿತರಲ್ಲಿ ಕೆಲವರಿದ್ದಾರೆ. ರಸ್ತೆ ಹಾಗೆಯೇ ಕೆಟ್ಟಿರಲಿ, ಜೀಪಿನ ಕುಲುಕಾಟದಲ್ಲೇ ಅರ್ಧ ಸುಖವಿದೆ ಎನ್ನುವವರು ಅವರಿಗಿಂತ ಹೆಚ್ಚು. ಎರಡು ಪಕ್ಷದವರ ವಾದವನ್ನೂ ಹೋಟೆಲಿನ ಮೇಜಿನ ಮುಂದೆ ಕುಳಿತು, ಕಾಫಿ ಆರುವವರೆಗೆ ಕೇಳಿದ್ದೇನೆ. ನನಗೆ ಎರಡೂ ಒಪ್ಪಿಗೆಯಿಲ್ಲ. ಹೆಬ್ಬೆಗೆ ಟಾರು ರಸ್ತೆಯೂ ಬೇಡ, ವಿಹಾರಕ್ಕೆ ಬರುವವರ ಜೀಪೂ ಬೇಡ. ನಡೆಯಬಲ್ಲವರು ನಡೆದು ಹೋಗಲಿ.

ಕೆಮ್ಮಣ್ಣುಗುಂಡಿಯಿಂದ ಹೆಬ್ಬೆಗೆ ಇರುವುದು 8–10 ಕಿಲೋಮೀಟರ್ ದಾರಿ. ನಮ್ಮ ಪೇಟೆಯ ಕಾರು ಅಲ್ಲಿ ಸಾಗದು. ನಾಲ್ಕು ಗಾಲಿಗೂ ಎಂಜಿನ್ನಿನ ಬಲ ಹೋಗುವ ಜೀಪೇ ಆಗಬೇಕು. ನಾನೂ ಒಮ್ಮೆ ಅದರಲ್ಲಿ ಹೋದವನೇ. ಹಿಂದಿನ ಎದುರುಬದುರು ಬೆಂಚುಗಳ ಮೇಲೆ ಆರು ಮಂದಿ, ಒಬ್ಬರ ಮೊಣಕಾಲಿಗೆ ಇನ್ನೊಬ್ಬರ ಮೊಣಕಾಲು ತಾಗಿಸಿ, ಮೇಲಿನ ಕಂಬಿಗೆ ಜೋತುಬಿದ್ದು ಕುಳಿತೆವು. ಕಾಫಿ ತೋಟ ಬಂತು, ಹೋಯಿತು. ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ ಬಂತು, ಹೋಯಿತು. ಯಾರೂ ಏನನ್ನೂ ನೋಡಲಿಲ್ಲ. ತಲೆ ಕಂಬಿಗೆ ಬಡಿಯದಂತೆ ಕಾಯ್ದುಕೊಳ್ಳುವುದೇ ಎಲ್ಲರಿಗೂ ದೊಡ್ಡ ಕೆಲಸವಾಗಿತ್ತು. ಜೀಪು ನಿಂತ ಮೇಲೆ ಹಳ್ಳ ದಾಟಿ, ಜಿಗಣೆ ಕಿತ್ತೆಸೆಯುತ್ತಾ ನಡೆದ ತುಂಡು ದಾರಿಯಿದೆಯಲ್ಲ, ಅಲ್ಲಿಯೇ ನನಗೆ ಮೊದಲ ಬಾರಿ ಹಕ್ಕಿಯ ದನಿ ಕೇಳಿಸಿದ್ದು. ಜಲಪಾತವಂತೂ ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಎಂದು ಎರಡು ಹಂತವಾಗಿ, 168 ಮೀಟರ್ ಎತ್ತರದಿಂದ ಇಳಿಯುತ್ತದೆ. ನಮ್ಮವರು ಅದಕ್ಕೆ ಬೆನ್ನು ಮಾಡಿ ನಿಂತು ಚಿತ್ರ ತೆಗೆಸಿಕೊಂಡರು. ಚಾಲಕ ಕೊಟ್ಟದ್ದು ಒಂದು ಗಂಟೆಯ ಅವಧಿ. ಅದರಲ್ಲೂ ಕಾಲು ಗಂಟೆ ಉಳಿಯಿತು!

ಇಷ್ಟೇ ಆಗಿದ್ದರೆ ನಾನು ಲೇಖನಿ ಎತ್ತುತ್ತಿರಲಿಲ್ಲ. ಅರಸಿಕತನ ಅಪರಾಧವಲ್ಲ. ಆದರೆ ಊರಿನ ಹೆಸರನ್ನೇ ನೋಡಿ: ಕೆಮ್ಮಣ್ಣು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋದದ್ದು ಈ ಗುಡ್ಡಗಳಿಂದಲೇ. ಇಂಥ ಇಳಿಜಾರಿನಲ್ಲಿ ಜೀಪಿನ ಗಾಲಿ ದಿನಕ್ಕೆ ಹತ್ತಾರು ಸಲ ಒಂದೇ ಜಾಡಿನಲ್ಲಿ ಉರುಳಿದರೆ ಮಣ್ಣಿನ ಮೇಲ್ಪದರ ಹರಿದು ಕೊರಕಲು ಬೀಳುತ್ತದೆ. ಮುಂಗಾರಿನಲ್ಲಿ ಆ ಕೊರಕಲೇ ತೋಡಾಗಿ ಹರಿಯುತ್ತದೆ. ಕೊರಕಲು ಆಳವಾದಾಗ ಚಾಲಕ ಪಕ್ಕಕ್ಕೆ ಹೊರಳಿಸುತ್ತಾನೆ. ದಾರಿ ಒಂದು ಗಾಲಿಯಷ್ಟು ಅಗಲವಾಗುತ್ತದೆ. ಕೊಚ್ಚಿಹೋದ ಮಣ್ಣು ಹಳ್ಳ ಸೇರಿ ಭದ್ರೆಯ ಕಡೆಗೆ ಹೋಗುತ್ತದೆ. ತೋಟದವರ ಜೀಪೂ ಅಲ್ಲೇ ಓಡುವುದಿಲ್ಲವೇ ಎಂದು ಕೇಳಬಹುದು. ಓಡುತ್ತದೆ. ಅವರದು ಬದುಕು, ನಮ್ಮದು ಭಾನುವಾರ.

ಇದಕ್ಕಿಂತ ಕಟುವಾದ ಸಂಗತಿ ಇನ್ನೊಂದಿದೆ. ಈ ಕಾಡು ಭದ್ರಾ ಅಭಯಾರಣ್ಯಕ್ಕೆ ಸೇರಿದ್ದು. 1998ರಲ್ಲಿ ಅದು ಹುಲಿ ಯೋಜನೆಗೆ ಒಳಪಟ್ಟಿತು. 2002ರ ಹೊತ್ತಿಗೆ ಅಭಯಾರಣ್ಯದೊಳಗಿನ ಹಳ್ಳಿಗಳ 400ಕ್ಕೂ ಹೆಚ್ಚು ಸಂಸಾರಗಳು ಮನೆ, ಗದ್ದೆ ಬಿಟ್ಟು ಹೊರಗೆ ಬಂದವು. ಬಹುಪಾಲು ಜನ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ ನೆಲೆಸಿದರು. ಶಾಲೆ, ಆಸ್ಪತ್ರೆ, ರಸ್ತೆ ಬೇಕೆಂದು ಅವರಲ್ಲಿ ಅನೇಕರು ತಾವಾಗಿಯೇ ಒಪ್ಪಿ ಬಂದರೆಂಬುದೂ ನಿಜ. ಆದರೂ ಹಿಂದಿದ್ದ ವಾದ ಒಂದೇ: ಕಾಡು ಉಳಿಯಬೇಕಾದರೆ ಮನುಷ್ಯ ಹೊರಗಿರಬೇಕು. ಹುಟ್ಟಿದ ಮನೆಯ ಹೊಸ್ತಿಲು ದಾಟಿ ಬಂದವನಿಗೆ ಹೇಳಿದ ಈ ಮಾತು, ಶನಿವಾರ ರಾತ್ರಿ ಬೆಂಗಳೂರು ಬಿಟ್ಟು ಹೊರಟ ನಮಗೆ ಅನ್ವಯಿಸುವುದಿಲ್ಲವೇ? ಅವನ ಎತ್ತಿನ ಗಾಡಿ ಕಾಡಿಗೆ ಭಾರವಾಯಿತು. ನಮ್ಮ ಬಾಡಿಗೆ ಜೀಪು ಹಗುರವಾಯಿತೆ?

ಹುಲಿ, ಕಾಟಿಗಳಿರುವ ಕಾಡಿನಲ್ಲಿ ನಡೆಸುವುದು ಅಪಾಯವೆಂದು ಹೆದರಿಸುವವರಿದ್ದಾರೆ. ಕುದುರೆಮುಖದ ಚಾರಣಕ್ಕೆ ಅರಣ್ಯ ಇಲಾಖೆಯೇ ದಿನಕ್ಕೆ ಇಷ್ಟೇ ಜನ ಎಂದು ಮಿತಿ ಹಾಕಿ, ಮಾರ್ಗದರ್ಶಕನನ್ನು ಜೊತೆಗೆ ಕಳುಹಿಸುತ್ತದೆ. ಅಲ್ಲಿ ಸಾಧ್ಯವಾದದ್ದು ಇಲ್ಲೇಕೆ ಆಗಬಾರದು? ಮುಳ್ಳಯ್ಯನಗಿರಿಯ ಕಡೆಗೆ ಹೋಗುವ ವಾಹನಗಳಿಗೂ 2025ರ ಸೆಪ್ಟೆಂಬರಿನಲ್ಲಿ ಮುಂಗಡ ನೋಂದಣಿಯ ಕಟ್ಟಳೆ ಬಂತು. ಯಾರ ಸ್ವಾತಂತ್ರ್ಯವೂ ಮುಳುಗಲಿಲ್ಲ. ವೃದ್ಧರಿಗೆ, ಕಾಲು ಸೋತವರಿಗೆ ದಿನಕ್ಕೊಂದೆರಡು ಜೀಪು ಮೆಲ್ಲಗೆ ಹೋಗಿ ಬರಲಿ, ನನ್ನ ತಕರಾರಿಲ್ಲ. ಮೂವತ್ತರ ಪ್ರಾಯದ ಗಟ್ಟಿಮುಟ್ಟಾದ ಆಳು ಎಂಟು ಕಿಲೋಮೀಟರ್ ನಡೆಯಲಾರೆ ಎಂದರೆ ಮನೆಯಲ್ಲೇ ಚಿತ್ರ ನೋಡಿಕೊಂಡಿರಲಿ. ಹೆಬ್ಬೆಯನ್ನು ಎಲ್ಲರೂ ನೋಡಲೇಬೇಕೆಂದು ಯಾವ ಶಾಸನವೂ ಇಲ್ಲ.

ಜೀಪಿನವರ ಹೊಟ್ಟೆಪಾಡಿನ ಪ್ರಶ್ನೆಯೊಂದು ಉಳಿಯುತ್ತದೆ. ಅದನ್ನು ಹಾರಿಸಿ ಹೋಗುವುದು ನ್ಯಾಯವಲ್ಲ. ನಮ್ಮನ್ನು ಕರೆದೊಯ್ದ ಚಾಲಕ ಆ ಕಡೆಯವನೇ. ಯಾವ ತಿರುವಿನಲ್ಲಿ ಕಾಟಿ ನಿಂತಿರುತ್ತದೆ, ಯಾವ ಹಳ್ಳ ಎಷ್ಟು ಮಳೆಗೆ ತುಂಬುತ್ತದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಎಂಜಿನ್ನಿನ ಗದ್ದಲದಲ್ಲಿ ಅವನು ಹೇಳಿದ್ದರಲ್ಲಿ ಕಾಲುಭಾಗವೂ ನಮಗೆ ಕೇಳಲಿಲ್ಲ. ಅವನೇ ಮುಂದೆ, ನಾವು ಹತ್ತು ಜನ ಹಿಂದೆ ನಡೆದು ಹೋದರೆ, ಜೀಪಿಗೆ ಕೊಟ್ಟ ಹಣವನ್ನು ಅವನ ಕೈಗೇ ಕೊಡಲು ನಾನು ಸಿದ್ಧ. ಅವನಿಗೆ ಡೀಸೆಲ್ ಖರ್ಚೂ ಇರುವುದಿಲ್ಲ.