ಡಾರ್ಫುರ್: ಶಿಕ್ಷೆಯಿಲ್ಲದ ಪಾಪ

ಸುಡಾನ್ ದೇಶದ ಪಶ್ಚಿಮಕ್ಕಿರುವ ಡಾರ್ಫುರ್ ಪ್ರಾಂತದ ಎಲ್ ಫಾಶರ್ ನಗರವು, 500ಕ್ಕೂ ಹೆಚ್ಚು ದಿನಗಳ ಮುತ್ತಿಗೆಯ ತರುವಾಯ, 2025ರ ಅಕ್ಟೋಬರ್ 26ರಂದು ಆರ್.ಎಸ್.ಎಫ್. ಎಂಬ ಅರೆಸೈನಿಕ ಪಡೆಯ ವಶವಾಯಿತು. ಅಲ್ಲಿಯ ಹೆರಿಗೆ ಆಸ್ಪತ್ರೆಯೊಂದರಲ್ಲಿಯೇ ರೋಗಿಗಳೂ ಅವರ ಸಂಗಡಿಗರೂ ಸೇರಿ 460ಕ್ಕೂ ಹೆಚ್ಚು ಜನರು ಹತರಾದ ವರದಿ ಬಂದಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯು ತಿಳಿಸಿತು.

ಇದು ಕುಲಕುಲಗಳ ಜಗಳವೆಂದು ಹೇಳಿ ಕೈತೊಳೆದುಕೊಳ್ಳುವವರಿದ್ದಾರೆ. ನಾವು ಅದನ್ನು ಒಪ್ಪಲಾರೆವು. ಫುರ್, ಮಸಾಲಿತ್ ಮೊದಲಾದ ಬೇಸಾಯಗಾರರೂ, ಒಂಟೆ ದನಗಳನ್ನು ಮೇಯಿಸುವ ಅರಬ ಕುಲದವರೂ ಬಹುಕಾಲ ನೆರೆಹೊರೆಯಾಗಿ ಬಾಳಿದವರು. ಉಭಯರೂ ಇಸ್ಲಾಂ ಮತದವರೇ. ಕೊಯ್ಲು ಮುಗಿದ ಹೊಲದ ಕೂಳೆ ಅವರ ದನಗಳಿಗೆ ಮೇವು. ಆ ದನಗಳ ಗೊಬ್ಬರ ಇವರ ಹೊಲಕ್ಕೆ. 1980ರ ದಶಕದ ಬರಗಾಲದಿಂದ ನೀರು, ಮೇವು ಕುಗ್ಗಿ ಮನಸ್ತಾಪ ಬೆಳೆದುದು ನಿಜ. ಆದರೆ ಮನಸ್ತಾಪವನ್ನು ಸಂಹಾರವಾಗಿಸಿದುದು ಸರಕಾರ. ತಮ್ಮ ಪ್ರಾಂತವನ್ನು ಕಡೆಗಣಿಸಲಾಗಿದೆಯೆಂದು 2003ರಲ್ಲಿ ಕೆಲವರು ಬಂಡೆದ್ದಾಗ, ಅವರನ್ನು ಅಡಗಿಸಲು ಖಾರ್ಟೂಮಿನ ಸರಕಾರವು ಜಂಜವೀದ್ ಎಂಬ ಸವಾರರ ತಂಡಗಳಿಗೆ ಬಂದೂಕು ಕೊಟ್ಟಿತು. ಹಳ್ಳಿಗಳು ಉರಿದವು. ಸುಮಾರು 3 ಲಕ್ಷ ಜನರು ಸತ್ತರೆಂದೂ, 25 ಲಕ್ಷದಷ್ಟು ಜನರು ಮನೆಮಠ ತೊರೆದರೆಂದೂ ವಿಶ್ವಸಂಸ್ಥೆಯ ಅಂದಾಜು. ಬೇಲಿಯೇ ಎದ್ದು ಹೊಲ ಮೇದಿತು.

ಇಷ್ಟಾದ ಮೇಲೆ ಶಿಕ್ಷೆ ಯಾರಿಗಾಯಿತು? ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವು ಅಧ್ಯಕ್ಷ ಒಮರ್ ಅಲ್ ಬಶೀರನ ಬಂಧನಕ್ಕೆ 2009ರಲ್ಲಿ ವಾರಂಟು ಹೊರಡಿಸಿತು. ಆತನು ಇನ್ನೂ 10 ವರ್ಷ ಗದ್ದುಗೆಯ ಮೇಲಿದ್ದನು. 2019ರಲ್ಲಿ ಪದಚ್ಯುತನಾದ ಮೇಲೂ ಅವನನ್ನು ಆ ನ್ಯಾಯಾಲಯಕ್ಕೆ ಒಪ್ಪಿಸಲಿಲ್ಲ. ಜಂಜವೀದ್ ತಂಡಗಳಿಗಂತೂ ಸೆರೆಮನೆಯ ಬದಲು ಸಮವಸ್ತ್ರ ದೊರೆಯಿತು. 2013ರಲ್ಲಿ ಅವುಗಳಿಂದಲೇ ಆರ್.ಎಸ್.ಎಫ್. ರಚಿತವಾಯಿತು, ಮುಂದೆ ಚಿನ್ನದ ಗಣಿಗಳೂ ಅದರ ಕೈಸೇರಿದವು. ಹೀಗೆ ಕೊಬ್ಬಿದ ಪಡೆಗೂ, ಅದನ್ನು ಸಾಕಿದ ಸೈನ್ಯಕ್ಕೂ 2023ರ ಏಪ್ರಿಲಿನಲ್ಲಿ ಯುದ್ಧವೇ ಹೊತ್ತಿತು. ಅದೇ ವರ್ಷ ಎಲ್ ಜಿನೈನಾ ಪಟ್ಟಣದಲ್ಲಿ ಮಸಾಲಿತರು ಸಾವಿರಗಟ್ಟಲೆ ಹತರಾದರು. ಸೈನ್ಯವೂ ನಿರ್ದೋಷಿಯಲ್ಲ, ಡಾರ್ಫುರದ ಸಂತೆಗಳ ಮೇಲೆ ಅದು ಬಾಂಬು ಸುರಿದಿದೆ.

2003-04ರ ಪಾತಕಗಳಿಗಾಗಿ ಆ ನ್ಯಾಯಾಲಯದಿಂದ ಮೊದಲ ತೀರ್ಪು ಹೊರಬಿದ್ದುದು 2025ರ ಅಕ್ಟೋಬರ್ 6ರಂದು. ಜಂಜವೀದ್ ನಾಯಕ ಅಲಿ ಕುಶೈಬನು ಅಪರಾಧಿಯೆಂದು ಸಾಬೀತಾಗಿ, ಡಿಸೆಂಬರಿನಲ್ಲಿ ಅವನಿಗೆ 20 ವರ್ಷಗಳ ಸಜೆಯಾಯಿತು. ತೀರ್ಪು ಬಂದ 20 ದಿನಕ್ಕೆ ಎಲ್ ಫಾಶರ್ ಬಿದ್ದಿತು! ಇಪ್ಪತ್ತು ವರ್ಷ ತಡವಾಗಿ ಬಂದ ನ್ಯಾಯವು ಸತ್ತವರಿಗೆ ಗೌರವ ಕೊಟ್ಟೀತು. ಬದುಕಿರುವವರಿಗೆ ರಕ್ಷಣೆ ಕೊಡಲಾರದು.

ಡಾರ್ಫುರಕ್ಕೆ ಶಸ್ತ್ರ ಸಾಗಿಸಕೂಡದೆಂದು ಭದ್ರತಾ ಸಮಿತಿಯು 2004ರಲ್ಲಿಯೇ ನಿಷೇಧ ಹಾಕಿತು. ಆದರೂ ಚಿನ್ನ ಹೊರಗೆ ಹೋಗುತ್ತ, ಬಂದೂಕು ಒಳಗೆ ಬರುತ್ತ ಬಂದಿವೆ. ಈ ವ್ಯಾಪಾರದಲ್ಲಿ ಕೈಯಿಟ್ಟ ರಾಷ್ಟ್ರಗಳನ್ನು ಹೆಸರು ಹಿಡಿದು ಪ್ರಶ್ನಿಸುವ ಧೈರ್ಯವನ್ನು ವಿಶ್ವಸಂಸ್ಥೆಯು ಮೊದಲು ತೋರಲಿ. ಅದಿಲ್ಲದೆ ಹೊರಡುವ ಖಂಡನೆಯ ನಿರ್ಣಯಗಳಿಗೆ ಕಾಗದದ ಬೆಲೆಯೂ ಇಲ್ಲವೆಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ.